ಮಂಜಲ್‌ಪುರದ ಗಟಾರಕ್ಕೆ ಮುಚ್ಚಳ ಹಾಕಿಸಿದ್ದು

ಸೂರತ್

ಗುಜರಾತಿಗೆ ಹೋದವರು ಗುಡಿ ನೋಡಿ ಬರುತ್ತಾರೆ, ಸೀರೆ ತರುತ್ತಾರೆ. ನಾನು ನೋಡಿ ಬಂದದ್ದು ಒಂದು ಗಟಾರದ ಬಾಯಿ. ಅದನ್ನೇ ಬರೆಯುತ್ತೇನೆ. ಗುಡಿಯ ಸುದ್ದಿ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಲಿ.

ನನ್ನ ತಂಗಿ ಶಾಂತವ್ವ ಗಂಡ ತೀರಿಕೊಂಡ ಮೇಲೆ ವಡೋದರಾಕ್ಕೆ ಮಗನ ಮನೆಗೆ ಹೋಗಿದ್ದಳು. ಮಗ ಮಂಜುನಾಥ ಬ್ಯಾಂಕಿನವನು, ವರ್ಗವಾಗಿ ಅಲ್ಲಿದ್ದಾನೆ. ಇವಳು ಹೋಗಿ ಇನ್ನೂ ಊರು ಗುರುತಾಗಿರಲಿಲ್ಲ, ಮಳೆಗಾಲ ಬಂತು. ಮನೆಯ ಹತ್ತಿರದ ತಿರುವಿನಲ್ಲಿ ರಸ್ತೆ ತುಂಬ ನೀರು ನಿಂತಿತ್ತು. ನೀರಿನ ಅಡಿಯಲ್ಲಿ ಗಟಾರದ ಚೇಂಬರಿಗೆ ಮುಚ್ಚಳ ಇರಲಿಲ್ಲ. ಹಾಲು ತರಲು ಹೋದವಳು ಅದರೊಳಗೆ ಇಳಿದಳು. ಜನ ಸೇರಿ ಎಳೆದು ತೆಗೆದರು. ಕಾಲು ಮುರಿದಿತ್ತು, ಕಬ್ಬಿಣದ ಅಂಚಿಗೆ ಸಿಕ್ಕು ಹರಿದಿತ್ತು, ಗಾಯದೊಳಗೆ ಹೊಲಸು ನೀರು ಹೊಕ್ಕಿತ್ತು. ಅವಳಿಗೆ ಸಕ್ಕರೆ ರೋಗ ಮೊದಲಿನಿಂದಲೂ ಇದೆ. ಮಗಳು ಸುಮಾ ಅಹಮದಾಬಾದಿನಲ್ಲಿದ್ದಾಳೆಂದು ಅಲ್ಲಿಯ ದೊಡ್ಡ ದವಾಖಾನೆಗೆ ಒಯ್ದರು. ಮೊಣಕಾಲಿನ ಕೆಳಗೆ ಕಡಿದರು.

ನೋಡಲು ಬರುತ್ತೇನೆ ಅಂದಾಗ ಫೋನಿನಲ್ಲಿ ಅವಳು ಅಳಲಿಲ್ಲ. ಆ ಚೇಂಬರು ಇನ್ನೂ ಬಾಯಿ ತೆರೆದೇ ಇದೆ, ಮಂಜುನಾಥ ಕಂಪ್ಲೇಂಟ್ ಕೊಟ್ಟರೆ ಕಾರ್ಪೊರೇಶನ್ ಆಫೀಸಿನವರು ಕೆಲಸ ಮುಗಿಯಿತೆಂದು ಬರೆದು ಕಳಿಸುತ್ತಾರೆ, ಮೊಮ್ಮಗಳ ಸಾಲಿ ಗಾಡಿ ನಿಲ್ಲುವುದು ಅದರ ಪಕ್ಕದಲ್ಲೇ ಎಂದಳು.

"ನನ್ನ ಕಾಲು ನೋಡಿ ಏನ್ ಮಾಡ್ತಿ ಅಕ್ಕಾ? ಅದು ಹೋತು. ಮೊದಲ ಆ ತಗ್ಗು ಮುಚ್ಚಿಸು. ಆಮ್ಯಾಲೆ ಇತ್ತ ಕಡೆ ಬಂದ್ರ ಸಾಕು."

ಗದುಗಿನಲ್ಲಿ ನಮ್ಮದು ಖಾನಾವಳಿ. ಒಲೆಯನ್ನು ಸೊಸೆಗೆ ಒಪ್ಪಿಸಿ ಒಬ್ಬಳೇ ರೈಲು ಹತ್ತಿದೆ. ನನಗೆ ಗುಜರಾತಿ ಬಾರದು. ಹಿಂದಿ ಬರುವುದು ಊಟಕ್ಕೆ ಬರುವ ಲಾರಿಯವರ ಜೊತೆ ಜಗಳವಾಡುವಷ್ಟು.

ಸೂರತ್‌ನಲ್ಲಿ ಗಾಡಿ ನಿಂತೇ ಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು ಎಂದರು. ಎಲ್ಲರೂ ಇಳಿದರು, ನಾನೂ ಇಳಿದೆ. ಕೂಡಲು ಜಾಗ ಹುಡುಕುತ್ತಿದ್ದಾಗ ಯಾರೋ "ಬಾ, ಬಾ" ಎಂದು ಕರೆದರು. ಸಾಮಾನಿನ ಕೈಗಾಡಿ ತಳ್ಳುವ ಆಳು. ಏನೋ ಹೇಳುತ್ತಾನೆಂದು ಅವನ ಕಡೆಗೆ ನಡೆದರೆ ಗಾಡಿ ನೇರ ಮೈಮೇಲೇ ಬಂತು. ಅವನೇ ತಿರುಗಿಸಿ ನಿಲ್ಲಿಸಿದ, ಅವನೇ ಬೈದ. ನನಗೆ ಸಿಟ್ಟು ಬಂತು. ನಮ್ಮ ಕಡೆ ಮೀಸೆ ಬಾರದ ಹುಡುಗರೂ ಮುದುಕಿಗೆ ಬರ್ರಿ ಅನ್ನುತ್ತಾರೆ. ಇವನು ಎಮ್ಮೆ ಕರೆದ ಹಾಗೆ ಕರೆದು, ಬಂದರೆ ಯಾಕೆ ಬಂದೆ ಅನ್ನುತ್ತಾನೆ. ಇದೆಂಥ ಊರು ಅಂದುಕೊಂಡೆ.

ಇಡೀ ಹಗಲು ಸ್ಟೇಷನ್ನಿನಲ್ಲೇ ಕಳೆಯಿತು. ಪಕ್ಕದಲ್ಲಿ ಒಂದು ಸಂಸಾರ ಕೂತಿತ್ತು. ಅಲ್ಲಿಯ ಜನ ಪ್ರಯಾಣಕ್ಕೆ ಹೊರಟರೆ ಅರ್ಧ ಅಡಿಗೆಮನೆ ಜೊತೆಗೇ ಬರುತ್ತದೆ. ಆ ಹೆಂಗಸು ಥೇಪ್ಲಾ ಎಂಬ ಮೆಂತ್ಯೆ ಸೊಪ್ಪಿನ ಚಪಾತಿ ಕೊಟ್ಟಳು, ಅದರ ಮೇಲೆ ಬೆಲ್ಲದ ಪಾಕದಂಥ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಬೆಲ್ಲ ಹಾಕುವವರ ಜೊತೆ ವಾದ ಮಾಡಿ ಫಲವಿಲ್ಲ, ತಿಂದೆ. ನಾನು ಖಡಕ್ ರೊಟ್ಟಿ, ಕೆಂಪು ಚಟ್ನಿ ಕೊಟ್ಟೆ. ತಿಂದವಳು ಕೆಮ್ಮಿ ಕಣ್ಣೊರೆಸಿಕೊಂಡಳು, ಆದರೂ ಚೂರು ಬಿಡದೆ ಮುಗಿಸಿದಳು. ಮಾತು ತಿಳಿಯದೆಯೂ ಅವಳಿಗೆ ನನ್ನ ತಂಗಿಯ ಕಾಲಿನ ಸುದ್ದಿ ತಿಳಿಯಿತು. ಕೈಯಲ್ಲಿ ಕೊಯ್ದು ತೋರಿಸಿದರೆ ಯಾರಿಗೂ ತಿಳಿಯುತ್ತದೆ.

ವಡೋದರಾ, ಮಂಜಲ್‌ಪುರ

ಮಂಜುನಾಥ ಸ್ಟೇಷನ್ನಿಗೆ ಬಂದಿದ್ದ. ಸೊರಗಿ ಹೋಗಿದ್ದ. ದಾರಿಯುದ್ದಕ್ಕೂ ಕಂಪ್ಲೇಂಟ್ ಹೇಗೆ ಕೊಟ್ಟೆ, ಎಷ್ಟು ಸಲ ಕೊಟ್ಟೆ ಎಂದೇ ಹೇಳಿದ. ಕೇಳಿ ಕೇಳಿ ಸಾಕಾಗಿ ಅವ್ವ ಹೇಗಿದ್ದಾಳೆ ಅಂದೆ. ಅವ್ವನ ತಲೆ ಸರಿಯಿಲ್ಲ ಅಂದ. ಬಿದ್ದ ದಿನದಿಂದ ಒಂದೇ ಮಾತು ಹೇಳುತ್ತಾಳಂತೆ: ಅವರು ಕರೆದರು, ಅದಕ್ಕೇ ಹೋದೆ. ಯಾರು ಕರೆದರು ಎಂದರೆ, ಎದುರಿಗೆ ನಿಂತವರೆಲ್ಲ ಕರೆದರು ಅನ್ನುತ್ತಾಳೆ. ಅವರು ಕರೆಯಲಿಲ್ಲ, ಬರಬೇಡ ಎಂದು ಕೂಗಿದ್ದರು ಎಂದು ಇವನೂ ಸುಮಾಳೂ ತಿಳಿಸಿ ಹೇಳಿ ಸೋತರು. ಜ್ವರ ತಲೆಗೇರಿರಬೇಕು ಎಂದು ಬಿಟ್ಟುಬಿಟ್ಟರು.

ಆಫೀಸಿನವರ ಉತ್ತರವೂ ಹಾಗೇ ಇತ್ತು. ಫೋನಿನಲ್ಲಿ ಓದಿ ಹೇಳಿದ. ಸ್ಥಳೀಯರು ಕೂಗಿ ಎಚ್ಚರಿಸಿದರೂ ವೃದ್ಧೆ ಮುಂದೆ ನಡೆದದ್ದರಿಂದ ಅಪಘಾತವಾಯಿತು, ದೂರು ಮುಕ್ತಾಯ. ಅಂದರೆ ತಪ್ಪು ಶಾಂತವ್ವನದು. ತಪ್ಪು ಅವಳದಾದ ಮೇಲೆ ತಗ್ಗಿಗೇನು ಕೆಲಸ? ಅದು ಹಾಗೇ ಇದೆ.

ಮಾರನೆಯ ಬೆಳಿಗ್ಗೆ ಆ ಜಾಗ ತೋರಿಸು ಅಂದೆ. ಮಳೆ ಸುರಿದು ನಿಂತಿತ್ತು. ತಿರುವಿನಲ್ಲಿ ಕಂದು ನೀರು, ಮೇಲೆ ಪ್ಲಾಸ್ಟಿಕ್ ಚೀಲ ತೇಲುತ್ತಿದ್ದವು. ಎಲ್ಲಿ ರಸ್ತೆ ಎಲ್ಲಿ ತಗ್ಗು ಏನೂ ತಿಳಿಯದು. ಮಂಜುನಾಥ ಫೋನು ಬಂತೆಂದು ಹಿಂದೆ ನಿಂತ. ನಾನು ಸೀರೆ ಎತ್ತಿಕೊಂಡು ಅಂಚಿನಲ್ಲಿ ನಡೆದೆ. ಎದುರಿನ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಸಣ್ಣವಳು. ಕೈ ಬೀಸಿದಳು. "ಬಾ! ಬಾ, ಬಾ" ಎಂದು ಕೂಗಿದಳು, ಮುಂದೆ ಇನ್ನೇನೋ ಹೇಳಿದಳು, ಅದು ನನಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ ಮಾತು. ಕರೆಯುತ್ತಿದ್ದಾಳೆ ಅಂತ ನೀರಿಗೆ ಇಳಿದು ನೇರ ಅವಳ ಕಡೆಗೆ ನಡೆದೆ.

ಅವಳು ಮೆಟ್ಟಿಲಿಳಿದು ಓಡಿ ಬಂದು ನನ್ನ ರಟ್ಟೆ ಹಿಡಿದು ಹಿಂದಕ್ಕೆ ನೂಕಿದಳು. ಕೈಯಲ್ಲಿದ್ದ ಕೋಲಿನಿಂದ ನನ್ನ ಮುಂದಿನ ನೀರನ್ನು ಚುಚ್ಚಿ ತೋರಿಸಿದಳು. ಕೋಲು ಪೂರಾ ಒಳಗೆ ಹೋಯಿತು.

"ಕರದಾಕಿನೂ ನೀನ, ನೂಕಾಕಿನೂ ನೀನ" ಅಂದೆ ನಾನು. ಮಂಜುನಾಥ ಓಡಿ ಬಂದ. ಯಾಕೆ ನೀರಿಗೆ ಇಳಿದೆ ದೊಡ್ಡವ್ವಾ, ಅವರು ನಿಲ್ಲು ನಿಲ್ಲು ಎಂದು ಕೂಗುತ್ತಿದ್ದರಲ್ಲ ಎಂದ.

"ಎಲ್ಲೆ ನಿಲ್ಲು ಅಂದ್ಳು? ಬಾ ಅಂದ್ಳು. ನನಗೇನ್ ಕಿವಿ ಇಲ್ಲನು?"

ಅವನು ಆ ಹೆಂಗಸಿನ ಕಡೆ ನೋಡಿದ, ಮತ್ತೆ ನನ್ನ ಕಡೆ ತಿರುಗಿದ.

"ಇಲ್ಲೆ ಬಾ ಅಂದ್ರ ಅವ್ವ ಅಂತ ದೊಡ್ಡವ್ವಾ" ಎಂದ. "ವಯಸ್ಸಾದ ಹೆಂಗಸರಿಗೆ ಎಲ್ಲಾರೂ ಬಾ ಅಂತಾರ. ಅವ್ವಾ, ನಿಲ್ಲು ಅಂತ ಕೂಗಿದ್ರು."

ಅಲ್ಲೇ ನೀರಿನಲ್ಲಿ ನಿಂತು ಇಬ್ಬರಿಗೂ ಗೊತ್ತಾಯಿತು. ಅವತ್ತು ಹತ್ತು ಜನ ಶಾಂತವ್ವನಿಗೆ ಅವ್ವಾ, ಅವ್ವಾ ಎಂದು ಕೂಗಿದರು. ಇವಳು ಅಷ್ಟು ಜನ ಕರೆಯುತ್ತಿದ್ದಾರಲ್ಲ ಎಂದು ಬೇಗ ಬೇಗ ನಡೆದಳು. ಜೋರಾಗಿ ಕೂಗಿದಷ್ಟೂ ಜೋರಾಗಿ ನಡೆದಳು. ಮಂಜುನಾಥನಿಗೆ ಎರಡೂ ಮಾತು ಬರುತ್ತವೆ. ಮನೆಯೊಳಗೆ ಒಂದು ಬಾ, ಹೊರಗೆ ಒಂದು ಬಾ, ದಿನಾ ಎರಡನ್ನೂ ಆಡುತ್ತಾನೆ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ತಲೆ ಸರಿಯಿಲ್ಲವೆಂದು ತಾಯಿಯನ್ನು ಸುಮ್ಮನಿರಿಸಿದ್ದ.

ಆ ಹೆಂಗಸು ಜಶುಬೇನ್. ಅವಳಿಗೆ ಮಂಜುನಾಥ ಗುಜರಾತಿಯಲ್ಲಿ ಹೇಳಿದ. ಅವಳು ಕೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ ಅಂತೆ.

ವಾರ್ಡ್ ಆಫೀಸು

ಮಂಜುನಾಥನ ಕಂಪ್ಲೇಂಟನ್ನು ಜಶುಬೇನ್ ಓದಿಸಿ ಕೇಳಿದಳು. ಕೇಳಿ ನಗಬಾರದ ಹೊತ್ತಿನಲ್ಲಿ ನಕ್ಕಳು. ಅದರಲ್ಲಿ ಇಲ್ಲದ್ದೇ ಇಲ್ಲ. ರಸ್ತೆ ಕೆಟ್ಟಿದೆ, ನೀರು ನಿಲ್ಲುತ್ತದೆ, ಬೀದಿ ದೀಪ ಹತ್ತುವುದಿಲ್ಲ, ನನ್ನ ತಾಯಿ ಬಿದ್ದಳು, ಹೊಣೆ ಯಾರು, ಪರಿಹಾರ ಎಲ್ಲಿ. ಕೊನೆಗೆ ಜಾಗ ಎಂಬಲ್ಲಿ ತನ್ನ ಮನೆ ವಿಳಾಸ. ಮನೆ ಇರುವುದು ಓಣಿಯ ತುದಿಯಲ್ಲಿ, ತಗ್ಗು ಇರುವುದು ದೊಡ್ಡ ರಸ್ತೆಯ ತಿರುವಿನಲ್ಲಿ. ಬಂದ ಆಳುಗಳು ಮನೆಯ ಗೇಟಿನ ಮುಂದೆ ನಿಂತು ನೋಡಿದ್ದಾರೆ, ತಗ್ಗು ಕಂಡಿಲ್ಲ, ಗೇಟಿನ ಫೋಟೊ ಹೊಡೆದು ಮುಗಿಯಿತು ಎಂದು ಬರೆದಿದ್ದಾರೆ. ಉಳಿದ ಮಾತುಗಳು ದೀಪದವರಿಗೆ, ರಸ್ತೆಯವರಿಗೆ, ಇನ್ಯಾರಿಗೋ ಹೋಗಿ ಎಲ್ಲ ಕಡೆ ನಮ್ಮದಲ್ಲ ಎನಿಸಿಕೊಂಡಿವೆ.

"ಖಾನಾವಳ್ಯಾಗ ಒಬ್ಬಾವ ಬಂದು ರೊಟ್ಟಿ, ಅನ್ನ, ಹಳೇ ಬಾಕಿ, ಮನೀ ಜಗಳ ಎಲ್ಲಾ ಒಮ್ಮೆಗೇ ಹೇಳಿದ್ರ ನಾ ಏನ್ ಬಡಸಲಿ?" ಅಂದೆ ನಾನು. ಮಂಜುನಾಥ ತಲೆ ತಗ್ಗಿಸಿದ. ಓದಿದವರು ಬರೆಯಲು ಕೂತರೆ ಒಳಗಿನದೆಲ್ಲ ಹೊರಗೆ ಬರುತ್ತದೆ. ತಾಯಿಯ ಕಾಲು ಹೋದ ಸಂಕಟದಲ್ಲಿ ಬರೆದದ್ದು ಬೇರೆ.

ಮೂವರೂ ವಾರ್ಡ್ ಆಫೀಸಿಗೆ ಹೋದೆವು. ಎಂಜಿನಿಯರು ಸಾಹೇಬರು ತಿರುಗಾಟಕ್ಕೆ ಹೋದರೆ ಸಿಗುವುದಿಲ್ಲ, ಬೆಳಿಗ್ಗೆಯೇ ಹಿಡಿಯಬೇಕು ಎಂದು ಜಶುಬೇನ್ ಎಬ್ಬಿಸಿಕೊಂಡು ಹೋದಳು. ಆಫೀಸು ನಮ್ಮ ಕಡೆಯದರ ಹಾಗೇ ಇದೆ. ಅದೇ ಹಸಿರು ಗೋಡೆ, ಅದೇ ಒದ್ದೆ ಛತ್ರಿಗಳು, ಅದೇ ಕಾಯುವ ಮುಖಗಳು. ಚಹಾ ಮಾತ್ರ ಸಣ್ಣ ಕಪ್ಪಿನಲ್ಲಿ ಕೊಡುತ್ತಾರೆ, ಔಷಧ ಕೊಟ್ಟ ಹಾಗೆ.

ಎಂಜಿನಿಯರು ಕೆಟ್ಟವನಲ್ಲ, ದಣಿದವನು. ಅವನ ಟೇಬಲ್ ಮೇಲೆ ಎರಡು ಫೋನು ಬಡಕೊಳ್ಳುತ್ತಿದ್ದವು. ಹಳೇ ಉತ್ತರ ತೆಗೆದು ನೋಡಿ, ನಿಮ್ಮ ತಾಯಿಗೆ ಜನ ಹೇಳಿದರು, ಅವರೇ ಕೇಳಲಿಲ್ಲ, ನಾವೇನು ಮಾಡೋಣ ಎಂದ. ಮಂಜುನಾಥ ವಾದಕ್ಕೆ ಇಳಿದ. ಅವನ ಕೈ ಹಿಡಿದು ಸುಮ್ಮನಿರಿಸಿದೆ. ಬಾಗಿಲ ಹತ್ತಿರ ಹೋಗಿ ನಿಂತೆ.

"ಇಲ್ಲಿ ಮುದುಕಿನ್ನ ಹೆಂಗ ಕೂಗ್ತಾರೋ ಹಂಗ ನನ್ನ ಕೂಗು ಅನ್ನು ಆ ಸಾಹೇಬಗ" ಅಂದೆ.

ಮಂಜುನಾಥ ಹೇಳಿದ. ಕಾಯುತ್ತಿದ್ದವರು ತಿರುಗಿ ನೋಡಿದರು. ಎಂಜಿನಿಯರು ಮುದುಕಿಗೆ ಹುಚ್ಚು ಅಂದುಕೊಂಡಿರಬೇಕು, ಬೇಗ ಮುಗಿಯಲಿ ಎಂದು "ಬಾ" ಅಂದ.

ನಾನು ನಡೆದೆ. ಅವನು ಕೈ ಅಡ್ಡ ತೋರಿಸಿ ಇನ್ನೊಮ್ಮೆ "ಬಾ" ಅಂದ. ಮತ್ತೆ ನಡೆದೆ. ಹೊಟ್ಟೆಗೆ ಟೇಬಲ್ ತಾಗಿದ ಮೇಲೆ ನಿಂತೆ.

"ನಮ್ಮ ಭಾಷಾದಾಗ ಬಾ ಅಂದ್ರ ಇಲ್ಲಿ ಬಾ ಅಂತ" ಅಂದೆ. "ನೀ ಕರದಿ, ನಾ ಬಂದೆ. ಆಕಿನೂ ಹಂಗ ಬಂದ್ಳು."

ಮಂಜುನಾಥ ಅದನ್ನು ಗುಜರಾತಿಗೆ ತಿರುಗಿಸಿ ಹೇಳಿದ. ಎಂಜಿನಿಯರು ಒಂದು ಫೋನನ್ನು ಬಡಕೊಳ್ಳಲು ಬಿಟ್ಟು ನನ್ನನ್ನೇ ನೋಡಿದ. ಕಾಲು ಎಷ್ಟು ತೆಗೆದರು ಎಂದು ಕೇಳಿದ. ನನ್ನ ಕಾಲಿನ ಮೇಲೇ ಗೆರೆ ಎಳೆದು ತೋರಿಸಿದೆ.

ಆಮೇಲೆ ಅವನು ನೇರ ಮಾತಾಡಿದ. ಬರೆದು ಮುಗಿಸಿದ ಉತ್ತರವನ್ನು ಅಳಿಸಲು ತನಗೆ ಬರುವುದಿಲ್ಲ, ಅದು ಹಾಗೇ ಇರುತ್ತದೆ ಎಂದ. ಪರಿಹಾರದ ಮಾತು ಬೇರೆ ಆಫೀಸು, ವಕೀಲರ ಕೈಯಲ್ಲಿ ಬರೆಸಿ. ಮುಚ್ಚಳ ಬೇಕೆಂದರೆ ಹೊಸದಾಗಿ ಮುಚ್ಚಳದ್ದಷ್ಟೇ ಬರೆಯಿರಿ. ಗಟಾರದ ವಿಭಾಗಕ್ಕೆ ಹಾಕಿ, ರಸ್ತೆಗೆ ಹಾಕಬೇಡಿ. ಹತ್ತಿರದ ದೀಪದ ಕಂಬಕ್ಕೆ ನಂಬರು ಬರೆದಿರುತ್ತದೆ, ಅದೇ ವಿಳಾಸ. ಕಂಬವೂ ತಗ್ಗೂ ಒಂದೇ ಫೋಟೊದಲ್ಲಿ ಕಾಣಬೇಕು. ಓಣಿಯವರು ಬೇರೆ ಬೇರೆ ಫೋನಿನಿಂದ ಅದೇ ಕಂಬದ ನಂಬರು ಹಾಕಿ ಕೊಟ್ಟರೆ ಮೇಲೆ ಕೂತವರ ಕಣ್ಣಿಗೆ ಬೀಳುತ್ತದೆ. ಇಷ್ಟು ಹೇಳಿ ಫೋನು ಎತ್ತಿದ. ಕ್ಷಮಿಸಿ ಎಂದು ಹೇಳಲಿಲ್ಲ. ನಾನೂ ಕಾಯಲಿಲ್ಲ.

ಮತ್ತೆ ಮಂಜಲ್‌ಪುರ

ನೀರು ಇಳಿದ ಮೇಲೆ ಫೋಟೊ ಹೊಡೆದರು. ತಗ್ಗು ಕಂಡಿತು. ಅಂಚಿನ ಕಬ್ಬಿಣ ತುಕ್ಕು ಹಿಡಿದು ಹಲ್ಲು ಹಲ್ಲಾಗಿತ್ತು. ಅದನ್ನು ಬಹಳ ಹೊತ್ತು ನೋಡಲಿಲ್ಲ.

ಜಶುಬೇನ್ ಮನೆ ಮನೆಗೆ ಹೋದಳು. ಕೆಲವರು ಕೊಟ್ಟರು. ಕೆಲವರು ಇದರಿಂದ ಏನೂ ಆಗದು ಅಂದರು. ಒಬ್ಬ ದೊಡ್ಡ ಮನುಷ್ಯ, ತನ್ನ ಗೇಟಿನ ಮುಂದಿನ ಮುಚ್ಚಳ ಸರಿಯಾಗಿಯೇ ಇದೆ ಅಂದ. ನಮ್ಮ ಗದುಗಿನಲ್ಲೂ ಇಂಥವರಿದ್ದಾರೆ, ಹುಡುಕುವ ಕೆಲಸವಿಲ್ಲ.

ಒಂದೆರಡು ದಿನಕ್ಕೆ ಆಳುಗಳು ಬಂದರು. ತಗ್ಗಿನೊಳಗೆ ಒಂದು ಗಿಡದ ಕೊಂಬೆ ನೆಟ್ಟರು, ಅದಕ್ಕೆ ಕೆಂಪು ಬಟ್ಟೆ ಕಟ್ಟಿದರು, ಹೋದರು. ಸಂಜೆಗೆ ಮಂಜುನಾಥನ ಫೋನಿಗೆ ಕೆಲಸ ಮುಗಿಯಿತೆಂದು ಬಂತು, ನಿಮಗೆ ಸಮಾಧಾನವೇ ಎಂದು ಕೇಳಿತು. ಅವನು ಬೇಸತ್ತು ಫೋನು ಒಗೆಯುವವನಿದ್ದ. ಸುಮ್ಮನಿದ್ದರೆ ಸಮಾಧಾನವಾಯಿತೆಂದೇ ಲೆಕ್ಕ ಎಂದು ಜಶುಬೇನ್ ಗದರಿದಳು. ಇಲ್ಲ ಎಂದು ಒತ್ತಿ ಕೊಂಬೆಯ ಫೋಟೊ ಕಳಿಸಿದ. ಉಳಿದವರ ಕೈಯಲ್ಲೂ ಹಾಗೇ ಮಾಡಿಸಿದರು.

ಅದೇ ಹೊತ್ತಿಗೆ ಸುಮಾಳ ಫೋನು ಬಂತು. ಅವ್ವನಿಗೆ ಮತ್ತೆ ಜ್ವರ, ಗಾಯ ಮೇಲಕ್ಕೆ ಕಪ್ಪಾಗುತ್ತಿದೆ, ಇನ್ನೂ ಸ್ವಲ್ಪ ಕಡಿಯಬೇಕಾಗಬಹುದು ಎನ್ನುತ್ತಾರೆ ಡಾಕ್ಟರು. ನಾನು ಈಗಲೇ ಬರುತ್ತೇನೆ ಅಂದೆ. ಶಾಂತವ್ವ ಫೋನು ಕಸಿದುಕೊಂಡಳು.

"ಮುಚ್ಚ್ಯಾರೇನು?"

"ಕೊಂಬಿ ನೆಟ್ಟಾರ."

"ಹಂಗಾರ ಅಲ್ಲೇ ಇರು" ಅಂದಳು. ಫೋನು ಇಟ್ಟಳು.

ಇದ್ದೆ. ಸಾಲಿ ಗಾಡಿ ಬರುವ ಹೊತ್ತಿಗೆ ದಿನಾ ಹೋಗಿ ಆ ಕೊಂಬೆಯ ಪಕ್ಕ ನಿಂತೆ. ಮಳೆ ಬಂದರೆ ಕೊಂಬೆ ಬೀಳುತ್ತಿತ್ತು, ಎತ್ತಿ ನೆಡುತ್ತಿದ್ದೆ. ಮಕ್ಕಳು ಗಾಡಿಯಿಂದ ಇಳಿದು ನನ್ನನ್ನು ಬಾ ಬಾ ಎಂದು ಮಾತಾಡಿಸುತ್ತಿದ್ದವು. ನಾನು ಕಾಲು ಎತ್ತಿ ಇಡುತ್ತಿರಲಿಲ್ಲ. ಮಂಜುನಾಥನ ಮಗಳಿಗೆ ನನ್ನ ಕನ್ನಡ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಹೆಗಲು ಕುಣಿಸುತ್ತದೆ. ಅದರ ಕೈ ಹಿಡಿದು ದಾಟಿಸುವಾಗ ಶಾಂತವ್ವ ಇಲ್ಲಿ ನಿಲ್ಲಬೇಕಾಗಿತ್ತು ಅನಿಸುತ್ತಿತ್ತು. ಅನಿಸಿ ಏನು ಮಾಡುವುದು.

ಕಡೆಗೆ ಒಂದು ಬೆಳಿಗ್ಗೆ ಸಣ್ಣ ಲಾರಿ ಬಂತು. ಹಳೇ ಅಂಚು ಒಡೆದು ತೆಗೆದರು, ಹೊಸ ಚೌಕಟ್ಟು ಕೂರಿಸಿದರು, ಸುತ್ತ ಸಿಮೆಂಟು ಹಾಕಿದರು, ಕಬ್ಬಿಣದ ದಪ್ಪ ಮುಚ್ಚಳ ಇಳಿಸಿದರು. ಅಷ್ಟೇ ಕೆಲಸ. ಊಟದ ಹೊತ್ತಿಗೆ ಮುಗಿದಿತ್ತು. ಇಷ್ಟು ಸಣ್ಣ ಕೆಲಸ ಎಂದು ನೋಡಿ ನನಗೆ ಹೊಟ್ಟೆ ಉರಿಯಿತು. ಬಹಳ ದೊಡ್ಡದಾಗಿದ್ದರೆ, ಆಗಲಿಲ್ಲ ಪಾಪ ಅನ್ನಬಹುದಿತ್ತು. ಸಿಮೆಂಟು ಬಿಗಿಯುವ ತನಕ ಕಾದು, ಮುಚ್ಚಳದ ಮೇಲೆ ಎರಡೂ ಕಾಲಿಟ್ಟು ನಿಂತೆ. ಅಲುಗಲಿಲ್ಲ. ಆಮೇಲೆ ಚೀಲ ಕಟ್ಟಿದೆ.

ಅಹಮದಾಬಾದ್, ಚಾಂದ್‌ಖೇಡಾ

ಸುಮಾಳ ಗಂಡನಿಗೆ ಆಫೀಸಿನ ಕ್ವಾರ್ಟರ್ಸ್ ಇದೆ. ಅಹಮದಾಬಾದಿನಲ್ಲಿ ನಾನು ಕಂಡದ್ದು ಸ್ಟೇಷನ್ನು, ಒಂದು ಉದ್ದ ರಸ್ತೆ, ಆ ಕ್ವಾರ್ಟರ್ಸ್. ದಾರಿಯಲ್ಲಿ ಮಂಜುನಾಥ ನದಿ ತೋರಿಸಿದ. ನಾನು ರಸ್ತೆಯ ಮುಚ್ಚಳಗಳನ್ನು ನೋಡುತ್ತ ಹೋದೆ. ಕೆಲವು ಇದ್ದವು, ಕೆಲವು ಇರಲಿಲ್ಲ.

ಶಾಂತವ್ವ ಮಂಚದ ಮೇಲೆ ಸಣ್ಣಗಾಗಿದ್ದಳು. ಎರಡನೇ ಸಲ ಕಡಿದು ಮನೆಗೆ ಕಳಿಸಿದ್ದರು. ಈಗ ಮೊಣಕಾಲೂ ಇರಲಿಲ್ಲ. ಹೊದಿಕೆ ಒಂದು ಕಡೆ ಸಪಾಟಾಗಿ ಹಾಸಿಗೆಗೆ ಅಂಟಿಕೊಂಡಿತ್ತು. ನನ್ನನ್ನು ನೋಡಿ, ದಪ್ಪ ಆಗಿದ್ದೀ, ಗುಜರಾತಿನ ಬೆಲ್ಲ ಹತ್ತಿದೆ ಅಂದಳು. ನೀನು ಹಗುರಾಗಿದ್ದೀ ಅಂದೆ. ಸುಮಾ ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದಳು.

ಮಂಜುನಾಥ ತಾಯಿಯ ಪಕ್ಕ ಕೂತು ಬಾ ಎಂಬ ಮಾತಿನ ಸುದ್ದಿ ಹೇಳಿದ. ನೀನು ಹೇಳಿದ್ದು ಖರೆ ಇತ್ತು, ನಾವೇ ನಂಬಲಿಲ್ಲ ಎಂದ. ಅವಳು ಅವನ ಮುಖ ನೋಡಲಿಲ್ಲ, ಮೇಲಿನ ಛಾವಣಿ ನೋಡಿದಳು.

"ಅವ್ವಾ ಅಂತ ಕೂಗಿದ್ರಾ?" ಅಂದಳು. "ಮಂದಿ ಬಾಯಿ ಒಳ್ಳೇದೈತಿ ಹಂಗಾರ. ರೋಡ್ ಚಲೋ ಇಲ್ಲ."

ಆಮೇಲೆ, ಆಫೀಸಿನವರು ಬರೆದದ್ದನ್ನು ತಿದ್ದಿದರಾ ಎಂದು ಕೇಳಿದಳು. ತಿದ್ದಲು ಬರುವುದಿಲ್ಲವಂತೆ ಅಂದೆ. ಅಂದರೆ ಅಲ್ಲಿ ನಾನು ಮಾತು ಕೇಳದ ಮುದುಕಿಯೇ ಅಂದಳು. ಹೌದು ಅಂದೆ. ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡಲು ನಾನು ಅಷ್ಟು ದೂರ ಹೋಗಿರಲಿಲ್ಲ. ಪರಿಹಾರಕ್ಕೆ ವಕೀಲರನ್ನು ಕಂಡಿದ್ದೇನೆ, ಬಹಳ ದಿನ ಹಿಡಿಯುತ್ತದೆ ಎಂದ ಮಂಜುನಾಥ. ಬಹಳ ದಿನ ಯಾರ ಹತ್ತಿರ ಇದ್ದಾವೆ ಎಂದು ಅವಳು ಕೇಳಿದಳು.

ಆಗ ಅವನ ಫೋನು ಬಡಕೊಂಡಿತು. ಎತ್ತಿ ಕೇಳಿ, ಕೈಯಲ್ಲಿ ಹಿಡಿದುಕೊಂಡೇ ಕೂತ. ಒಳಗಿನಿಂದ ಒಬ್ಬ ಹೆಂಗಸಿನ ನಯವಾದ ದನಿ ಹೇಳಿದ್ದನ್ನೇ ಹೇಳುತ್ತಿತ್ತು.

"ಏನಂತ?" ಅಂದಳು ಶಾಂತವ್ವ.

"ಮುಚ್ಚಳದ್ದು. ಕೆಲಸ ಸಮಾಧಾನ ಆಗಿದ್ರ ಒಂದು ಒತ್ತು ಅಂತಾರ. ಆಗಿಲ್ಲಂದ್ರ ಎರಡು." ಅವನು ಕಣ್ಣೊರೆಸಿಕೊಂಡ. "ನಾ ಹೆಂಗ ಒಂದು ಒತ್ತಲಿ ಯವ್ವಾ?"

ಅವಳು ಕೈ ಚಾಚಿದಳು. ಅವನು ಫೋನು ಕೊಟ್ಟ.

"ಗಟ್ಟಿ ಕುಂತೈತೇನು ಅಕ್ಕಾ?"

"ಮ್ಯಾಲೆ ನಿಂತು ನೋಡೇನಿ."

"ಹಂಗಾರ ಅವರು ಕೇಳಿದ್ದು ಆಗೇತಿ" ಅಂದಳು. "ಕಾಲಿಂದೇನ್ ಕೇಳಿಲ್ಲಲ್ಲ."

ಒಂದು ಯಾವುದೆಂದು ನನಗೆ ತೋರಿಸಲು ಹೇಳಿದಳು. ತೋರಿಸಿದೆ. ಒತ್ತಿದಳು. ಒಳಗಿನ ದನಿ ಧನ್ಯವಾದ ಹೇಳಿ ನಿಂತಿತು. ಸುಮಾ ಔಷಧದ ತಾಟು ತೆಗೆದುಕೊಂಡು ಬಂದಳು, ಗಾಯದ ಬಟ್ಟೆ ಬದಲಿಸುವ ಹೊತ್ತಾಗಿತ್ತು. ಅವಳು ಬಟ್ಟೆ ಬಿಚ್ಚುವಾಗ ಶಾಂತವ್ವ ಮೈ ಅಲುಗಿಸಬಾರದೆಂದು ನಾನು ಉಳಿದ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ.